ಪಾಪ ಮಾಡಲಾರದ ಮಗಳು

ಸೊರಬ
17-3-1958

ಜಪಮಾಲೆಯ ಅಪ್ಪನವರಿಗೆ,

ಆರೋಗ್ಯಮ್ಮನ ವಂದನೆ. ಶಿಕಾರಿಪುರದಲ್ಲಿ ನೀವು ಕ್ಷೇಮವೆಂದು ಬಸ್ಸಿನವರು ಹೇಳಿದರು. ಇಲ್ಲಿ ನನಗೆ ಸೊಂಟನೋವು, ಮಗಳು ಜಪಮಾಲೆ ಗಟ್ಟಿಮುಟ್ಟಾಗಿದ್ದಾಳೆ.

ಮನೆ ಬಿಟ್ಟು ಹೊರಟ ದಿನ ನೀವು ಅಂದಿರಿ, ಅವಳು ದೇವದೂತೆ, ಅವಳಿಗೇನೂ ತಿಳಿಯುವುದಿಲ್ಲ, ನಾನಿದ್ದರೂ ಒಂದೇ ಹೋದರೂ ಒಂದೇ ಎಂದು. ಹತ್ತೊಂಬತ್ತು ವರ್ಷದ ದೇವದೂತೆಗೆ ದಿನಾ ತಲೆ ಬಾಚಿ, ಸೀರೆ ಉಡಿಸಿ, ತಿಂಗಳ ಬಟ್ಟೆ ಒಗೆಯುವವಳು ನಾನು. ಸಾಕಾಗಿ ಹೋಗಿದೆ ರೀ.

ನಮ್ಮ ಚರ್ಚಿನ ಸ್ವಾಮಿಗಳೂ ನಿಮ್ಮ ಹಾಗೇ ಆಡುತ್ತಿದ್ದರು. ಜನ್ಮಪಾಪ ಜ್ಞಾನಸ್ನಾನದಲ್ಲೇ ತೊಳೆದುಹೋಯಿತು, ಬುದ್ಧಿ ಬಲಿಯದವರಿಗೆ ತಾವಾಗಿ ಮಾಡುವ ಕರ್ಮಪಾಪವಿಲ್ಲ, ಆದ್ದರಿಂದ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಬೇಡ, ಸತ್ಪ್ರಸಾದವೂ ಬೇಡ ಎಂದು. ಪಾಪವೇ ಇಲ್ಲದೆ ಬದುಕುವವರು ಉಂಟೇ ಎಂದು ಕೇಳಿದೆ. ದೇವಮಾತೆ, ಹಾಲುಗೂಸುಗಳು, ನಿನ್ನ ಮಗಳು ಎಂದರು. ದೊಡ್ಡ ಮಾತೇ. ಆದರೆ ಏಳು ವರ್ಷದ ಮಕ್ಕಳು ನಾಲಿಗೆಯ ಮೇಲೆ ಸತ್ಪ್ರಸಾದ ಇಡಿಸಿಕೊಳ್ಳಲು ಹೋಗುವಾಗ ಇವಳು ಹಿಂದೆ ಕೂತು ನಾಲಿಗೆ ಚಾಚುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಹೋದ ವಾರ ಪಕ್ಕದ ಮನೆಯ ದುರುಗಮ್ಮನ ಕರು ಬಿಚ್ಚಿ, ಹಾಲೆಲ್ಲ ಕುಡಿಸಿಬಿಟ್ಟಳು. ಕೇಳಿದರೆ, "ಹಗ್ಗ ತಾನೇ ಬಿಚ್ಕಂತು" ಅಂದಳು. ಮಾರನೆಯ ದಿನ ಗಂಜಿ ಮುಟ್ಟಲಿಲ್ಲ. ತಾನಾಗಿಯೇ ಹೋಗಿ, ದುರುಗಮ್ಮನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, "ನಾನೇ ಬಿಚ್ಚಿದ್ದು, ಹೊಡಿ" ಅಂದಳು. ನನ್ನ ಮಗಳಿಗೆ ತಪ್ಪು ಮಾಡಲು ಬರುತ್ತದೆ! ಸಂತೋಷಕ್ಕೆ ಅಂಗಳದಲ್ಲೇ ಅವಳನ್ನು ತಬ್ಬಿಕೊಂಡುಬಿಟ್ಟೆ.

ನಿನ್ನೆ ಸ್ವಾಮಿಗಳು ಪೂಜೆಗೆ ಆನವಟ್ಟಿಗೆ ಬಂದಿದ್ದರು. ದುರುಗಮ್ಮ ನಮ್ಮ ಮತದವಳಲ್ಲ, ಆದರೂ ಬಸ್ಸು ಹತ್ತಿ ನಮ್ಮ ಜೊತೆ ಬಂದಳು. "ಸ್ವಾಮೇರೆ, ಈ ಹುಡುಗಿ ತಪ್ಪೂ ಮಾಡ್ತದೆ, ಅಳ್ತದೆ ಕೂಡ. ನಾ ನೋಡೀನಿ" ಎಂದು ಸಾಕ್ಷಿ ನುಡಿದಳು. ಸ್ವಾಮಿಗಳು ಮಗಳನ್ನು ಒಂದೆರಡು ಮಾತು ಕೇಳಿದರು. ಆಮೇಲೆ, ಪೂಜೆ ನಡೆಯುವ ಇನ್ನಾಸಪ್ಪನ ಮನೆಯ ಜಗಲಿಯಲ್ಲಿ ಕುರ್ಚಿಯ ಬೆನ್ನಿಗೆ ಟವಲು ಮರೆ ಕಟ್ಟಿಸಿ, ಪಾಪನಿವೇದನೆಗೆ ಅವಳನ್ನು ಮಂಡಿಯೂರಲು ಕರೆದರು. ಮೊದಲ ಸತ್ಪ್ರಸಾದವೂ ಆಯಿತು. ನೀವು ಇರಬೇಕಿತ್ತು.

ನನಗೆ ನಿದ್ದೆ ಬರುತ್ತಿದೆ, ನಿಲ್ಲಿಸುತ್ತೇನೆ.

ಇಂತಿ,
ಆರೋಗ್ಯಮ್ಮ

ತಾ.ಕ.: ನಿಮ್ಮ ಮಗಳದ್ದು ದೊಡ್ಡ ದನಿ, ಜಗಲಿಯಾಚೆ ನಿಂತ ನನಗೂ ಕೇಳಿಸಿತು. ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದದ್ದನ್ನು ಯಾರಿಗೂ ಹೇಳಕೂಡದು. ಹೇಳಿದ ಪಾಪ ನನಗಿರಲಿ. ಕರುವಿನ ಮಾತು ಅವಳು ಎತ್ತಲೇ ಇಲ್ಲ. "ಅಪ್ಪ ನನ್ನ ಬಿಟ್ಟು ಹೋದ. ಅಪ್ಪ ಸಾಯ್ಲಿ ಅಂತ ದಿನಾ ಅಂದ್ಕಂತೀನಿ" ಎಂದು ಅತ್ತಳು.