ಶಿವದಾರದ ಗಂಟು

॥ ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ॥

ಕೊಟ್ಟೂರು
ತಾ. ೧೭-೧೦-೧೯೮೩, ಸೋಮವಾರ

ಒಡಹುಟ್ಟಿದ ತಮ್ಮ ಬೆನಕಪ್ಪನಿಗೆ ನಿನ್ನ ಅಕ್ಕ ಅನ್ನದಾನಮ್ಮನ ಆಶೀರ್ವಾದ.

ಮೈಯಾಗ ಹುಷಾರದೀಯಾ? ಬಳ್ಳಾರಿ ಜೈಲಿನ ಕಲ್ಲುನೆಲಕ್ಕ ಮೊಣಕಾಲು ಹಿಡಕೊಂಡಾವು ಅಂತ ಬರೆದಿದ್ದಿ. ಔಡಲೆಣ್ಣಿ ಕಾಸಿ ಹೋದ ವಾರ ಪಂಚಾಕ್ಷರಪ್ಪನ ಕೈಯಾಗ ಕಳಿಸೀನಿ, ಒಳಗ ಬಿಟ್ಟರೋ ಇಲ್ಲೋ ತಿಳಿಸು. ರೊಟ್ಟಿ ಬಿರುಸು ಇದ್ದರ ಸಾರಿನಾಗ ನೆನೆಸಿ ತಿನ್ನು, ಸಣ್ಣವ ಇದ್ದಾಗಿಂದ ನಿನ್ನ ಹಲ್ಲು ಸೂಕ್ಷ್ಮ. ಅಲ್ಲಿಯೂ ಎರಡು ಹೊತ್ತು ಲಿಂಗಪೂಜಿ ಮಾಡಾಕ ಬಿಡ್ತಾರಂತ ಓದಿದೆ. ಇಲ್ಲಿ ನಾನು ಇದೀನಿ. ನಿನ್ನ ಹೆಂಡತಿ ಎರ್ರಮ್ಮನ್ನ ಹಿರೇಹಡಗಲಿಯಿಂದ ಕರಕೊಂಡು ಬಂದು ನನ್ನ ಹತ್ರಾನೇ ಇಟ್ಟುಕೊಂಡೀನಿ. ಉಣ್ಣು ಅಂದ್ರ ಉಣ್ತಾಳ, ಏಳು ಅಂದ್ರ ಏಳ್ತಾಳ. ತಾನಾಗಿ ಒಂದು ಮಾತಿಲ್ಲ. ಸಂಜಿಗೆ ಬಸ್ಸಿನ ಹಾರನ್ ಕೇಳಿದ್ರ ಮಾತ್ರ ಎದ್ದು ಹೋಗಿ ಬಾಗಿಲಾಗ ನಿಲ್ತಾಳ. ನಿಮ್ಮ ಮಗಳು ನೀಲಗಂಗಮ್ಮ ಟ್ರೇನಿಂಗ್ ಶಾಲಿ ಮುಗಿಸಿ ಮನಿಗೆ ಬರ್ತಿದ್ದ ಹೊತ್ತು ಅದು.

ನಿನ್ನ ಕಾಗದ ಮೂರು ಸಲ ಓದಿದೆ. ಬರೋ ಸೋಮವಾರ ಇಪ್ಪತ್ನಾಲ್ಕಕ್ಕ ಬಳ್ಳಾರಿ ಸೆಶನ್ಸ್ ಕೋರ್ಟಿನಾಗ ನನ್ನ ಸಾಕ್ಷಿ. ನಾನೇನು ಹೇಳಬೇಕು ಅನ್ನೋದನ್ನ ನೀನೂ ಬರೆದೀಯ, ನಮ್ಮ ದೊಡ್ಡಪ್ಪನ ಮಗ ಪಂಚಾಕ್ಷರಪ್ಪನೂ ವಕೀಲರ ಹತ್ರ ಕೇಳಿಕೊಂಡು ಬಂದು ಹೇಳ್ಯಾನ. ನೀಲ ಅಪ್ಪನ ಎದುರಿಗೆ ನಿಂತು ಬಾಯಿಗೆ ಬಂದಂಗ ಅಂದ್ಲು, ಕೇಳಬಾರದ್ದು ಕೇಳಿ ತಮ್ಮನಿಗೆ ಆ ಗಳಿಗಿಗೆ ಎಚ್ಚರ ತಪ್ಪಿತು, ಕೈ ಹೋತು, ಹಂಗಂತ ಅವತ್ತೇ ನನ್ನ ಮುಂದ ಅತ್ತ. ಇಷ್ಟು ನಾ ಅಂದ್ರ ಅದು ಕೊಲಿ ಅನ್ನಿಸಿಕೊಳ್ಳೋದಿಲ್ಲಂತ, ಹಠಾತ್ ಸಿಟ್ಟಿನ ಕೃತ್ಯ ಆಗ್ತೈತಂತ. ನಾಲ್ಕು ವರ್ಷ, ನಡತಿ ಚಲೋ ಇದ್ರ ಮೂರು. "ಜಡ್ಜ್ ಸಾಹೇಬರಿಗೂ ಹೆಣ್ಣುಮಕ್ಕಳು ಇರ್ತಾವು, ಮಾನ ಅಂದ್ರೇನು ಅಂತ ಅವರಿಗೂ ಗೊತ್ತು" ಅಂದ ಪಂಚಾಕ್ಷರಪ್ಪ. ಮತ್ತ "ಏನಕ್ಕಾ, ನಾಲ್ಕನೇ ಕ್ಲಾಸು ಓದಿದಾಕಿ, ಎರಡು ಸಾಲು ಬಾಯಿಪಾಠ ಬರಂಗಿಲ್ಲೇನು?" ಅಂತ ನಕ್ಕ. ಬರ್ತೈತಿ. ಅದೇ ನನ್ನ ಸಂಕಟ. ನಮ್ಮೂರಾಗ ಎತ್ತು ಕದ್ದವನಿಗೆ ಐದು ವರ್ಷ ಹಾಕಿದ್ರು, ನೆನಪೈತೇನು?

ಬೆನಕ, ಹೋದ ವರ್ಷ ಆಷಾಢದಾಗ ಆ ಕೂಸು ಒಂದು ಚೀಲ ಹಿಡಕೊಂಡು ನನ್ನ ಹೊಸ್ತಿಲಿಗೆ ಬಂದಿತ್ತು. ಗುಡೇಕೋಟೆಯ ನಾಗೇಂದ್ರಪ್ಪ ಮೇಷ್ಟ್ರನ್ನ ರಿಜಿಸ್ಟ್ರು ಮದುವಿ ಆಗ್ತೀನಿ, ಅವರ ಕೇರಿ ಯಾವುದಾದ್ರೂ ಆಗಲಿ, ಅಪ್ಪಗ ನೀನೇ ತಿಳಿಸಿ ಹೇಳು ಅತ್ತೀ ಅಂತ ಕಾಲು ಹಿಡಿದ್ಲು. ನನಗೂ ಒಪ್ಪಿಗಿ ಇರಲಿಲ್ಲ, ಸುಳ್ಳು ಯಾಕ ಹೇಳಲಿ. ಬೈದೆ. ಬೈದು ಬಿಸಿ ರೊಟ್ಟಿ ಹಾಕಿದೆ. ಮೂರನೇ ದಿನ ನೀ ಬಂದಿ. ಎದಿ ಮ್ಯಾಲಿನ ಲಿಂಗ ಕೈಯಾಗ ಹಿಡಿದು "ಅಕ್ಕಾ, ಕೂಸಿನ ಮೈಮ್ಯಾಲೆ ಕೈ ಎತ್ತಂಗಿಲ್ಲ" ಅಂದಿ. ಲಿಂಗದ ಮ್ಯಾಲೆ ಆಣಿ ಆದಮ್ಯಾಲೆ ನಾ ಇನ್ನೇನು ಕೇಳಲಿ? ನಾನೇ ತಲಿ ಬಾಚಿ ಹೂವು ಮುಡಿಸಿ ಕಳಿಸಿದೆ. ಬಸ್ಸಿನ ಕಿಟಕಿಯಾಗ ಅವಳು ನನ್ನ ನೋಡಿದ್ದು ಹೆಂಗಂತ ಬರೆಯಾಕ ಆಗೋದಿಲ್ಲ.

ಐದು ದಿನಕ್ಕ, ವಾಂತಿಭೇದಿ ಆಗಿ ನೀಲ ಲಿಂಗೈಕ್ಯಳಾದಳು ಅಂತ ಆಳು ಬಂದ. ಅವತ್ತು ಎರ್ರಮ್ಮನ್ನ ನೀ ತವರಿಗೆ ಕಳಿಸಿದ್ದಿ, ಹೆಣಕ್ಕ ನೀರು ಹಾಕಾಕ ನಾನೇ ಬೇಕಾತು. ಸೀರಿ ಸೆರಗು ಸರಿಸಿದಾಗ ಕೊರಳು ಕಂಡೆ. ನೀ ಬಾಗಿಲಾಗ ನಿಂತಿದ್ದಿ. "ವಿಭೂತಿ ದಪ್ಪ ಹಚ್ಚಕ್ಕಾ" ಅಂದಿ, ಅಷ್ಟೇ. ನಾನು ಹಚ್ಚಿದೆ. ಮುಂಜಾನಿ ಎದ್ದು ಯಾವ ವಿಭೂತಿ ಹಣಿಗೆ ಇಟ್ಟುಕೊಳ್ತೀನೋ ಅದೇ ವಿಭೂತಿ ಕಲಸಿ ಕಪ್ಪಿಟ್ಟ ಗುರುತು ಮುಚ್ಚಿದೆ, ಮ್ಯಾಲೆ ರುದ್ರಾಕ್ಷಿ ಹಾಕಿದೆ. ಆ ಮೇಷ್ಟ್ರು ತಹಸೀಲ್ದಾರರ ತನಕ ಹೋಗಿ, ಆರನೇ ದಿನ ಸಮಾಧಿ ತೆಗೆಸದಿದ್ದರ ಯಾರಿಗೂ ತಿಳೀತಿರಲಿಲ್ಲ. ಗಂಟಲ ಎಲುಬು ಮುರಿದೈತಿ ಅಂತ ಡಾಕ್ಟರು ಬರೆದ್ರು. ಪೊಲೀಸರು ನನ್ನ ಕೇಳಿದಾಗ "ನಾ ಏನೂ ನೋಡಿಲ್ರಿ" ಅಂದೆ.

ಅವ್ವ ಹೋದಾಗ ನಿನಗೆ ಎರಡು ವರ್ಷ. ಬಗಲಾಗ ಎತ್ತಿಕೊಂಡು ತಿರುಗೀನಿ, ನನ್ನ ಲಗ್ನದಾಗೂ ನೀ ಸೆರಗು ಬಿಟ್ಟಿರಲಿಲ್ಲ. ನೀನು ಒಳಗ ಇದ್ರ ನನಗೇನು ಸಂತೋಷ ಇಲ್ಲ. ಹಂಗಂತ ಸತ್ತ ಕೂಸಿನ ಬಾಯಾಗ ಹೊಲಸು ಮಾತು ತುರುಕು ಅಂತ ಹೇಳ್ತೀಯಲ್ಲೋ. ಅವಳು ಅಂಥಾ ಮಾತು ಕಲಿತಾಕಿ ಅಲ್ಲ.

ಕೊಟ್ಟೂರೇಶ್ವರ ನಿನಗೆ ಒಳ್ಳೇ ಬುದ್ಧಿ, ನನಗೆ ಧೈರ್ಯ ಕೊಡಲಿ. ಮೈಕಡೆ ನೋಡಿಕೋ.

ನಿನ್ನ ಅಕ್ಕ
ಅನ್ನದಾನಮ್ಮ

ತಾ.ಕ.: ಅವಸರದಾಗ ಬರೀತೀನಿ, ಟಪಾಲಿನವ ಬರೋ ಹೊತ್ತಾತು. ಕಾಗದ ಪಂಚಾಕ್ಷರಪ್ಪನ ಕೈಯಾಗ ಕೊಡಬೇಕಂತಿದ್ದೆ, ಕೊಡೋದಿಲ್ಲ. ಟಪಾಲಾದ್ರ ಜೈಲಿನ ಸಾಹೇಬರು ಒಡೆದು ಓದ್ತಾರಂತ ಗೊತ್ತು. ಓದಲಿ. ನೀಲನ್ನ ಸಮಾಧಿಯಾಗ ಕುಂದ್ರಿಸಿದಾಗ, ಅಂಗೈಯಾಗ ಇಡಾಕ ಅವಳ ಲಿಂಗ ಎಲ್ಲಿ ಅಂತ ಸ್ವಾಮಿಗಳು ಕೇಳಿದ್ರು. ಕೊರಳಾಗ ಇರಲಿಲ್ಲ. ನೀ ಓಡಿಹೋಗಿ ಜಗಲಿ ಮ್ಯಾಲಿಂದ ತಂದುಕೊಟ್ಟಿ, ಮಡಿ ವಸ್ತ್ರದಾಗ ಸುತ್ತಿ, ಪತ್ರಿ ಏರಿಸಿದ್ದು. ನನ್ನ ಕಿವಿಯಾಗ ಅಂದಿ: "ಬೆಳಿಗ್ಗೇನ ತೆಗೆದಿಟ್ಟಿದ್ದೆ ಅಕ್ಕಾ. ಲಿಂಗ ಇರೋ ಮೈಮ್ಯಾಲೆ ಕೈ ಮಾಡಬಾರದಲ್ಲ." ನನಗೆ ಕೊಟ್ಟ ಆಣಿಗೂ ಅದೇ ದಾರಿ ಹುಡುಕಿದ್ದಿ, ಲಿಂಗ ತೆಗೆದ ಮೈಗೆ ಆಣಿ ತಟ್ಟೋದಿಲ್ಲ ಅಂದುಕೊಂಡಿದ್ದಿ ಅಂತ ಆಮ್ಯಾಲೆ ತಿಳೀತು. ಅವಳು ಸತ್ತಿದ್ದು ಅದೇ ದಿನ ದೀಪ ಹಚ್ಚೋ ಹೊತ್ತಿಗೆ. ಲಿಂಗ ಅವಳ ಕೈಯಾಗ ಹೋತು, ಲಿಂಗ ಕಟ್ಟಿದ್ದ ಶಿವದಾರ ನನ್ನ ಸೆರಗಿನಾಗ ಉಳೀತು. ಅವಳ ಎಂಟನೇ ವರ್ಷಕ್ಕ ನಾನೇ ಹೊಸೆದು ಗಂಟು ಹಾಕಿದ ದಾರ ಅದು. ಹರಿದಿಲ್ಲ. ನೀ ಕುಂತು, ಉಗುರು ಹಚ್ಚಿ, ನಿಧಾನಕ್ಕ ಗಂಟು ಬಿಚ್ಚಿದ್ದು. ಆ ದಾರ ತಗೊಂಡು ಸೋಮವಾರ ಬರ್ತೀನಿ. ಮೊದಲು ವಿಭೂತಿ ಹಚ್ಚಿದ ನನ್ನ ತಪ್ಪು ಹೇಳ್ತೀನಿ, ಆಮ್ಯಾಲೆ ಬೆಳಿಗ್ಗೆಯ ಮಾತು ಹೇಳ್ತೀನಿ. ಇದನ್ನ ಎರ್ರಮ್ಮನಿಗೆ ಓದಿ ಹೇಳಿದೆ. "ನಾನೂ ಬರ್ತೀನಿ" ಅಂದ್ಲು. ಎಣ್ಣಿ ಮರೀದೆ ತಿಕ್ಕಿಕೋ, ಅವತ್ತು ಬಹಳ ಹೊತ್ತು ನಿಲ್ಲಬೇಕಾಗ್ತೈತಿ.