ಅಜ್ಜಿಯ ಸರದಿ

ಭಾನುವಾರ, ಲಾಂಡ್ರಿಗೆ ರಜೆ

ಸಮುದ್ರದಾಚೆಯ ಸಕಲ ಆತ್ಮಗಳ ಪಾಲಕರೂ, ನಮ್ಮ ಲಾಂಡ್ರಿಯ ಮಹಡಿಯಲ್ಲಿ ಒಂದು ವಾರ ಗೊರಕೆ ಹೊಡೆದು ಹೋದವರೂ ಆದ ಪರಮಪೂಜ್ಯ ಫಾದರ್ ಚಿಕ್ಕಪ್ಪನವರಿಗೆ, ಅಣ್ಣನ ಮಗಳಾದ ಕಪಿಯು ಮೊಣಕಾಲೂರಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಾವೆಲ್ಲ ಕ್ಷೇಮ. ನಿಮ್ಮ ನಿಲುವಂಗಿಗೆ ತಾವೇ ಗಂಜಿ ಹಾಕಿದ್ದೆಂದು ಅಪ್ಪ ಇಡೀ ಬೀದಿಗೆ ಸಾರುತ್ತಿದ್ದಾರೆ. ಹಾಗಾದರೆ ಬೋರ್ಡೇ ಬರೆಸೋಣ ಅಂದೆ; ತಲೆಗೆ ಮೊಟಕಿದರು.

ಎಷ್ಟೋ ವರ್ಷಗಳ ಮೇಲೆ ನೀವು ಸ್ವದೇಶಕ್ಕೆ ಬಂದಿರಿ. ಮರುದಿನ ಬೆಳಗಾಗುವುದರೊಳಗೆ ಅಂಗಡಿ ಮುಂದೆ ಜನವೋ ಜನ. ಒಬ್ಬನ ಹೊಸ ಸ್ಕೂಟರಿಗೆ ಆಶೀರ್ವಾದ, ಇನ್ನೊಬ್ಬಳ ಪರೀಕ್ಷೆಗೆ ಪ್ರಾರ್ಥನೆ, ಎದುರುಮನೆ ಟೀಚರ ಗಂಡನಿಗೆ ಬುದ್ಧಿವಾದ. ನೂಕುನುಗ್ಗಲು ನೋಡಲಾರದೆ, ಗಿರಾಕಿಗಳ ಬಟ್ಟೆಗೆ ಕಟ್ಟುವ ನಂಬರಿನ ಚೀಟಿಗಳನ್ನೇ ನಾನು ಹಂಚಿಬಿಟ್ಟೆ. ಇಸ್ತ್ರಿ ಮೇಜಿನ ಮೇಲೆ ನಿಂತು, "ಹದಿನೇಳು! ಪಾಪ ಜಾಸ್ತಿ ಇರೋರು ಪಕ್ಕಕ್ಕೆ ನಿಲ್ಲಿ, ನೆನೆಹಾಕ್ಬೇಕು!" ಎಂದು ಕೂಗಿದಾಗ ಒಳಗಿನಿಂದ ನಿಮ್ಮ ನಗು ಕೇಳಿಸಿತ್ತು. ಇಲ್ಲವೆನ್ನಬೇಡಿ.

ಅಜ್ಜಿಯೂ ಬಂದು ಕೈ ಚಾಚಿದರು. "ನಂಗೂ ಒಂದು ಕೊಡೇ. ಅವನ ಹತ್ರ ಒಂದು ಮಾತು ಕೇಳೋದಿದೆ." ಹೆತ್ತ ತಾಯಿಗೂ ರಿಯಾಯಿತಿ ಇಲ್ಲವೆಂದು ನಾನು ಕಾನೂನು ಹೇಳಿದೆ. ಅವರೂ ಆಟಕ್ಕೆ ಸೇರಿ ಬೆಂಚಿನ ತುದಿಯಲ್ಲಿ ವಿಧೇಯರಾಗಿ ಕೂತರು. ಆದರೆ ಸರದಿ ಹತ್ತಿರ ಬಂದಾಗಲೆಲ್ಲ ಚೀಟಿಯನ್ನು ಯಾರಿಗೋ ಕೊಟ್ಟುಬಿಡುವರು. ಜ್ವರದ ಮಗು ಎತ್ತಿಕೊಂಡು ಬಂದವಳಿಗೆ ಒಂದು ದಿನ, ಬಸ್ ಡ್ರೈವರಿಗೆ ಇನ್ನೊಂದು ದಿನ. "ಪಾಪ, ಡ್ಯೂಟಿಗೆ ಹೊತ್ತಾಯ್ತು ಅವನಿಗೆ. ನಾನು ಮನೇಲೇ ಇರೋಳಲ್ವಾ?" ಊಟದ ಹೊತ್ತಿಗಾದರೂ ಪುರುಸೊತ್ತಾಯಿತೇ? ನಿಮ್ಮ ಸುತ್ತ ಅಪ್ಪನ ಸ್ನೇಹಿತರು. ಅಜ್ಜಿ ನಿಂತೇ ಬಡಿಸಿದರು. "ಕೂತ್ಕೋಮ್ಮ" ಎಂದು ನೀವು ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು.

ಹೊರಡುವ ದಿನ, ಟ್ಯಾಕ್ಸಿ ಬಾಗಿಲಲ್ಲಿ ನಿಂತಿದ್ದಾಗ, ನೀವು ಅಜ್ಜಿಯ ಮುಂದೆ ತಲೆ ಬಗ್ಗಿಸಿ, "ಈಗ ನೀನು ನಂಗೆ ಆಶೀರ್ವಾದ ಮಾಡಮ್ಮ" ಅಂದಿರಿ. ಅವರು ಹೆದರಿದವರಂತೆ ಹಿಂದೆ ಸರಿದರು. "ಛೆ, ಫಾದರ್ ಆದೋರು ತಲೆ ಬಗ್ಗಿಸ್ತಾರಾ? ಜನ ನೋಡ್ತಿದ್ದಾರೆ." ಆ ಹೊತ್ತಿಗೆ ಸರಿಯಾಗಿ, ಹಾಳು ಬಾಯಿಯ ನಾನು, "ಕೌಂಟರ್ ಬಂದ್!" ಎಂದು ಕೂಗಿದೆ. ಎಲ್ಲರೂ ನಕ್ಕರು. ನೀವು ಕಾರು ಹತ್ತಿದಿರಿ.

ಮೊನ್ನೆ ತಡೆಯಲಾರದೆ ಅಜ್ಜಿಯನ್ನು ಕೇಳಿದೆ, ಏನದು ಆ ಒಂದು ಮಾತು ಎಂದು. ದಿಂಬಿನ ಚೀಲವೊಂದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಪಾದ್ರಿ ಆಗಿದ್ದು ಅವನ ಆಸೆಗಾ, ನನ್ನ ಆಸೆಗಾ, ಅಂತ." ನಾನು ತಮಾಷೆ ಮಾಡಲು ಬಾಯಿ ತೆರೆದೆ, ಚಿಕ್ಕಪ್ಪ. ಆಮೇಲೆ ಚೀಲದ ಇನ್ನೊಂದು ತುದಿ ಹಿಡಿದು ಅವರ ಜೊತೆ ಮಡಿಸಿದೆ.

ನಿಮ್ಮ ಮುಂದಿನ ರಜೆ ಯಾವಾಗಲೋ. ಅಜ್ಜಿಗೆ ಈಗಲೇ ಮೆಟ್ಟಿಲು ಹತ್ತಲು ಆಗುವುದಿಲ್ಲ. ಫೋನಿನಲ್ಲಾದರೆ "ಊಟ ಆಯ್ತಾ" ಬಿಟ್ಟು ಬೇರೇನೂ ಕೇಳುವವರಲ್ಲ. ಅದಕ್ಕೇ ನೀವೇ ಅವರಿಗೆ ಬರೆಯಿರಿ. ನಿಮ್ಮ ಆಸೆಗೇ ಆಗಿದ್ದು ಎಂದು ಬರೆಯಿರಿ. ಅದು ಸುಳ್ಳಾದರೆ ಆ ಪಾಪವನ್ನು ನನ್ನ ತಲೆಗೆ ಕಟ್ಟಿ. ಅಲ್ಲಿ ಜಾಗ ಇನ್ನೂ ಇದೆ.

ಇಂತಿ, ನಿಮ್ಮ ದರ್ಬಾರಿನ ಮಾಜಿ ದ್ವಾರಪಾಲಕಿ,
ಕಪಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಜ್ಜಿಗೆ ಓದಿ ಹೇಳಿದೆ. "ಸುಳ್ಳು ಬರೆಸ್ಬೇಡ ಕಣೇ" ಅಂದರು. "ಉತ್ತರ ನಂಗೆ ಗೊತ್ತು. ಮೊದಲ್ನೇ ರಜೆ ಮುಗಿಸಿ ಪಾದ್ರಿ ಓದಿನ ಸೆಮಿನರಿಗೆ ವಾಪಸ್ ಹೊರಟಾಗ, ಮಗು ಬಾಗಿಲ ಚಿಲಕ ಹಿಡ್ಕೊಂಡು ಬಿಡ್ಲೇ ಇಲ್ಲ. ಒಂದೊಂದೇ ಬೆರಳು ಬಿಡಿಸಿದ್ದು ನಾನೇ." ನಗುತ್ತ ಹೋದ ಎಂದೇ ಅವರು ಮನೆಯವರಿಗೆಲ್ಲ ಹೇಳಿದ್ದರಂತೆ. ಚಿಕ್ಕಪ್ಪ, ನಿಮಗದು ನೆನಪಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೂ ಬರೆಯಿರಿ.