ಹೋಗ್ತಾ ನೀವು, ಬರ್ತಾ ನಾನು

ಜನವರಿ 11, ಶನಿವಾರ

ತಪ್ಪೊಪ್ಪಿಗೆ. ಆರೋಪಿಯ ಹೆಸರು ವಿರೂಪಾಕ್ಷ, ವಯಸ್ಸು ನಲವತ್ತಾರು, ವಾಸ ಜೀವನ್ ಬಿಮಾ ನಗರ, ವೃತ್ತಿ ವಿಮಾ ಕಚೇರಿಯಲ್ಲಿ ಕೂತು ಪರರ ಅಪಘಾತಗಳ ಬಗ್ಗೆ ಅನುಮಾನಪಡುವುದು. ಸದರಿ ಆರೋಪಿಯು ಇಂದು ಸಂಜೆ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ, ನಿಲ್ಲಿಸಿದ್ದ ಅಪರಿಚಿತರ ಮೋಟಾರ್ ಸೈಕಲ್ ಮೇಲೆ, ಮಾಲೀಕರ ಅನುಮತಿ ಇಲ್ಲದೆ, ಸ್ವಸ್ಥಚಿತ್ತದಿಂದ ಕೂತನು. ಕೂತದ್ದಷ್ಟೇ ಅಲ್ಲ, ಹ್ಯಾಂಡಲ್ ಹಿಡಿದು ಬಾಯಲ್ಲಿ ಮೆಲ್ಲಗೆ ಡುಗುಡುಗು ಅಂದನು.

ಸಾಕ್ಷಿ: ಹೆಂಡತಿ ಆಶಾರಾಣಿ. ಬ್ಲೌಸ್ ಪೀಸಿನ ಕವರ್ ಹಿಡಿದು ನಿಂತಿದ್ದಳು.

"ಇಳೀರಿ. ಓನರ್ ಬಂದ್ರೆ ನೀವ್ಯಾರೋ ನಂಗೊತ್ತಿಲ್ಲ ಅಂತೀನಿ."

"ಒಂದ್ನಿಮಿಷ ಇರು. ಇದೇ ಗುಂಡಣ್ಣ. ವಿಡಿಯೋಲಿ ತೋರಿಸಿದ್ನಲ್ಲ."

ಇಳಿದೆ. ಅವಳು ಅತ್ತಿತ್ತ ನೋಡಿದಳು. ಕವರ್ ನನ್ನ ಕೈಗೆ ತುರುಕಿ ತಾನೇ ಹತ್ತಿ ಕೂತಳು. ಎರಡನೇ ಆರೋಪಿ. ಎರಡೂ ಪಾದ ನೆಲಕ್ಕೆ ಅಂಟಿಕೊಂಡಂತೆ.

"ಇದು ನಂಗೂ ಆಗುತ್ತೆ ರೀ," ಅಂದಳು.

ಮರೆತೇ ಹೋಗಿತ್ತು. ಹರಿಹರದಲ್ಲಿ ಪಿಯುಸಿ ಓದುವಾಗ ತನ್ನಪ್ಪ, ಅಂದರೆ ನಮ್ಮ ಮಾವ ಪಂಚಾಕ್ಷರಯ್ಯನವರ ಬೈಕ್ ಓಡಿಸುತ್ತಿದ್ದವಳು ಇವಳು. ಮದುವೆಯಾಗಿ ಸ್ಕೂಟರಿಗೆ ಇಳಿದಳು. ನನ್ನ ಜೊತೆ ಹೊರಟರೆ ಅದರಲ್ಲೂ ಹಿಂದಿನ ಸೀಟಿಗೆ.

ಜನವರಿ 14, ಸಂಕ್ರಾಂತಿ

ಎಳ್ಳು-ಬೆಲ್ಲ ಹಿಡಿದು ಜೋಗುಪಾಳ್ಯದಿಂದ ಕೆಂಪರಾಜ್ ಬಂದಿದ್ದ. ಆಫೀಸಿನಲ್ಲಿ ನನ್ನ ಪಕ್ಕದ ಮೇಜು. ಅವನ ತಾತ ಹಲಸೂರಿನಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ. ಮೊಮ್ಮಗ ಅದೇ ನೆಲದಲ್ಲಿ ಬಾಡಿಗೆ ಬೆಳೆಯುತ್ತಾನೆ. ಭಾನುವಾರದ ಬೈಕ್ ಗ್ರೂಪಿಗೆ ಅಡ್ಮಿನ್ ಬೇರೆ.

ಮತ್ತೆ ಟಾರ್ಕ್ ಕುರಿತ ತರ್ಕ. ನಾನು ಕೊಳ್ಳಬೇಕಾದ ಬೈಕಿನ ಫೈನಲ್‌ಗೆ ಇಬ್ಬರು ಉಳಿದಿದ್ದಾರೆ. ಇಬ್ಬರೂ ರೆಟ್ರೊ, ಅಂದರೆ ಅಪ್ಪನ ಕಾಲದ ಮುಖ, ಮಗನ ಕಾಲದ ಇಎಂಐ. ಗುಂಡಣ್ಣ ಮುನ್ನೂರೈವತ್ತು ಸಿಸಿ, ಗುಂಡು ಹೆಡ್‌ಲೈಟು, ತಗ್ಗು ಸೀಟು, ಟ್ರಾಫಿಕ್‌ನಲ್ಲಿ ಸಾಧು. ಇನ್ನೊಬ್ಬ ದೊರೆ: ನಾನೂರು ಸಿಸಿ, ಕಲ್ಲುಮಣ್ಣಿನ ದಾರಿಗೆಂದೇ ಹುಟ್ಟಿದ ಉದ್ದ ಕಾಲಿನ ಸ್ಕ್ರ್ಯಾಂಬ್ಲರ್, ಸಿಂಹಾಸನದಷ್ಟು ಎತ್ತರದ ಸೀಟು.

"ಸಿಟಿಗೂ ಬೇಕು, ಟೂರಿಂಗ್‌ಗೂ ಬೇಕು ಅಂದ್ರೆ ಗುಂಡಣ್ಣನೇ ಗುರು," ಅಂದ ಕೆಂಪರಾಜ್. "ದೊರೆ ಏನಿದ್ರೂ ಲಡಾಖ್‌ಗೆ. ನೀನು ಹೋಗೋದು ಟಿನ್ ಫ್ಯಾಕ್ಟರಿ ಸಿಗ್ನಲ್‌ಗೆ."

"ಟೂರಿಂಗ್ ಅಂತಾರೆ," ಆಶಾ ಅಡುಗೆಮನೆಯಿಂದ, "ಹೊಸಕೋಟೆ ದಾಟೋದ್ರೊಳಗೆ ಸೊಂಟನೋವು ಅಂತ ದೂರಿಂಗ್ ಶುರುವಾಗುತ್ತೆ."

ನನ್ನ ಜೋಕಿನ ಸರಕನ್ನು ನನಗೇ ಮಾರುತ್ತಾಳೆ.

ಕೆಂಪರಾಜ್ ಹೋದ ಮೇಲೆ ಅವಳೇ ಮಾತು ತೆಗೆದಳು. ಕೋಲಾರ ದಾಟಿ ಆವನಿ ಬೆಟ್ಟಕ್ಕೆ ಹೋಗೋಣ. ಬುತ್ತಿ ಕಟ್ಟಿಕೊಂಡು.

"ಹೋಗ್ತಾ ನೀವು, ಬರ್ತಾ ನಾನು. ಮೋಸ ಇಲ್ಲ."

"ಮೋಸ ಇಲ್ಲ," ಅಂದೆ. ಕೈ ಮೇಲೆ ಕೈ ಹೊಡೆದೆ.

ಜನವರಿ 19, ಭಾನುವಾರ

ಇಂದಿರಾನಗರದ ಶೋರೂಮು. ಗುಂಡಣ್ಣನ ಟೆಸ್ಟ್ ರೈಡ್. ಸೇಲ್ಸಿನ ಹುಡುಗ ಪ್ರವೀಣ, ಕೊರಳಲ್ಲಿ ಐಡಿ, ಬಾಯಲ್ಲಿ ಸಕ್ಕರೆ.

ಮೊದಲು ನಾನು. ಸಿಎಂಎಚ್ ರೋಡ್ ಸಿಗ್ನಲ್ಲಿನಲ್ಲಿ ಎಂಜಿನ್ ಭಾವುಕವಾಗಿ ನಿಂತಿತು. ಹಸಿರು ಬಿತ್ತು, ಮತ್ತೆ ಭಾವುಕವಾಯಿತು. ಹಿಂದಿನ ಆಟೋದವನು ತಮಿಳಿನಲ್ಲಿ ನನ್ನ ವಂಶಾವಳಿ ವಿಚಾರಿಸಿದ. ಇಪ್ಪತ್ತು ವರ್ಷ ಗೇರಿಲ್ಲದ ಸ್ಕೂಟರ್ ಓಡಿಸಿದ ಎಡಗೈ. ಅದಕ್ಕೆ ಕ್ಲಚ್ಚೂ ಒಂದೇ, ಪರರ ಮಕ್ಕಳ ಕೆನ್ನೆಯೂ ಒಂದೇ. ಎಷ್ಟು ಹಿಂಡಬೇಕು, ಯಾವಾಗ ಬಿಡಬೇಕು, ತಿಳಿಯದು.

ಆಮೇಲೆ ಆಶಾ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಹಾಕಿ, ಒಮ್ಮೆ ಕನ್ನಡಿ ಸರಿಮಾಡಿ ಹೊರಟಳು. ಹೊರಟಿದ್ದೇ ಗೊತ್ತಾಗಲಿಲ್ಲ, ಅಷ್ಟು ನಯ. ತಿರುವಿನಲ್ಲಿ ಮಾಯ. ಬರುವುದು ತಡವಾಯಿತು. ಹೇಳಿದ್ದು ಒಂದೇ ಸುತ್ತು, ಹಾಕಿದ್ದು ಎರಡು.

"ಮೇಡಂಗೆ ಕೈ ಇದೆ ಸರ್," ಅಂದ ಪ್ರವೀಣ. "ಕ್ಲಚ್ ಬೆಣ್ಣೆ ಥರ ಬಿಡ್ತಾರೆ. ನಿಮ್ಗೂ... ಅಭ್ಯಾಸ ಆಗುತ್ತೆ ಸರ್."

ಆಶಾ ನಕ್ಕಳು. ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ, ಕೂದಲೆಲ್ಲ ಚೆಲ್ಲಾಪಿಲ್ಲಿ. ನಮ್ಮ ಮದುವೆ ಆಲ್ಬಮ್ಮಿನ ಒಂದು ಫೋಟೋದಲ್ಲೂ ಆ ನಗು ಇಲ್ಲ.

ಮನೆಗೆ ಬರುವಾಗ ಅವಳೇ ಸ್ಕೂಟರ್ ತಗೊಂಡಳು. ಹಿಂದೆ ಕೂತು ಬಂದೆ. ದಾರಿಯುದ್ದಕ್ಕೂ ಅವಳದೇ ಮಾತು. ನನಗೆ ಒಂದೂ ಜೋಕು ಹೊಳೆಯಲಿಲ್ಲ.

ಜನವರಿ 22, ಬುಧವಾರ. ಆಫೀಸು, ಊಟದ ಹೊತ್ತು

ದೊರೆಯನ್ನು ಬುಕ್ ಮಾಡಿದೆ. ಆಶಾಗೆ ಹೇಳಿಲ್ಲ. ಸರ್‌ಪ್ರೈಸ್.

ಗ್ರೌಂಡ್ ಕ್ಲಿಯರೆನ್ಸ್ ಜಾಸ್ತಿ. ಸಸ್ಪೆನ್ಷನ್ ಚೆನ್ನ. ಆವನಿ ಕಡೆ ರಸ್ತೆ ಹೇಗಿದೆಯೋ ಏನೋ. ಗಂಡಸು ದೂರ ಹೋಗಬೇಕೆಂದರೆ ಎತ್ತರ ಬೇಕು.

ಕ್ಲಚ್ ಬೆಣ್ಣೆ ಥರ ಅಂತೆ. ಬೆಣ್ಣೆ ಹಚ್ಚಲು ಆ ಹುಡುಗನಿಗೆ ಟಾರ್ಗೆಟ್ ಇರುತ್ತದೆ.

ಫೆಬ್ರವರಿ 9, ಭಾನುವಾರ

ಹಲಸೂರು ಸೋಮೇಶ್ವರನ ಮುಂದೆ ಪೂಜೆ. ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಕೆಂಪರಾಜ್, ಅವನ ಹೆಂಡತಿ ಸುಕನ್ಯ, ಗ್ರೂಪಿನ ನಾಲ್ಕು ಜನ.

ಆಶಾ ದೊರೆಯನ್ನು ನೋಡಿದ್ದು ಅಲ್ಲೇ, ಮೊದಲ ಸಲ. ಒಂದು ಸುತ್ತು ಬಂದಳು. ಸೀಟಿನ ಮೇಲೆ ಅಂಗೈ ಇಟ್ಟಳು. ಅದು ಅವಳ ಸೊಂಟಕ್ಕಿಂತ ಮೇಲಿತ್ತು.

"ಗುಂಡಣ್ಣ ಅಲ್ವಾ?"

"ಇದು ಅದರ ಅಪ್ಪ," ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸುಕನ್ಯಳ ಭುಜ ಹಿಡಿದು ಹತ್ತಿದಳು. ಬೆರಳ ತುದಿ ಮಾತ್ರ ನೆಲಕ್ಕೆ. ಅದೂ ಒಂದೇ ಕಾಲು. ಬೈಕ್ ವಾಲಿತು. ನಾನೂ ಕೆಂಪರಾಜನೂ ಹಿಡಿದೆವು.

"ಅತ್ತಿಗೆ, ಇದು ನಿಮ್ಮ ಸೈಜ್ ಅಲ್ಲ," ಅಂದ ಅವನು. ಕೆಟ್ಟ ಮನಸ್ಸಿನಿಂದಲ್ಲ.

ಆಗ ನಾನು ಹೇಳಿದ್ದು ಬರೆದಿಡಬೇಕು. ಹೆಬ್ಬಾಗಿಲಲ್ಲಿ ನಿಂತು, ಎಲ್ಲರ ಮುಂದೆ: "ದೊಡ್ಡ ಬೈಕಿಗೆ ದೊಡ್ಡ ಕಾಲು ಬೇಕಮ್ಮ. ಅದಕ್ಕೇ ದೇವರು ಗಂಡನ್ನ ಕೊಟ್ಟಿರೋದು."

ಮತ್ತೆ ನಗು. ಅವಳು ಇಳಿದಳು. ದುಪಟ್ಟಾ ಬಿಚ್ಚಿ ಸರಿಮಾಡಿಕೊಂಡಳು.

"ಚೆನ್ನಾಗಿದೆ," ಅಂದಳು. ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ: "ಹೋಗ್ತಾನೂ ನೀವೇ, ಬರ್ತಾನೂ ನೀವೇ."

ಸಂಜೆ ಕೇಳಿದಳು, ಯಾಕೆ ಇದನ್ನೇ ತಗೊಂಡ್ರಿ ಅಂತ. ನನ್ನ ಹತ್ತಿರ ಎತ್ತರ ಇತ್ತು, ಉತ್ತರ ಇರಲಿಲ್ಲ.

ಮಾರ್ಚ್ 16, ಭಾನುವಾರ

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೂ ಇಲ್ಲ. ದೊರೆ ಪಾರ್ಕಿಂಗಿನಲ್ಲಿ ಕವರ್ ಹೊದ್ದು ನಿದ್ರಿಸುತ್ತಾನೆ. ನಾನು ಮೆಟ್ರೋದಲ್ಲಿ ಆಫೀಸಿಗೆ ಹೋಗುತ್ತೇನೆ. ಸಿಟಿಗೆ ಅವನು ದೊಡ್ಡವನಾದ. ಊರ ಹೊರಗೆ ಹೋಗಲು ಜೊತೆಯಿಲ್ಲ.

"ಈ ಭಾನುವಾರ ಆವನಿ?"

"ಬಟ್ಟೆ ಒಗೆಯೋದಿದೆ."

"ಹೋದ ವಾರಾನೂ ಬಟ್ಟೆ ಇತ್ತು."

"ದಿನಾ ಹಾಕ್ಕೋತೀವಲ್ಲ ರೀ."

"ಹಿಂದೆ ಆರಾಮಾಗಿ ಕೂತ್ಕೋ. ಸೀಟ್ ಮೆತ್ತಗಿದೆ."

"ಹಿಂದಿನ ಸೀಟು ನಂಗೆ ಬಾಯಿಪಾಠ," ಅಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಂದು ಜೋಕು ಹೊಡೆದು ಇಳಿಸಬಹುದಿತ್ತು.

ಈಚೆಗೆ ಅವಳು ನನ್ನ ಮಾತು ಕದ್ದು ನನಗೇ ಮಾರುವುದನ್ನೂ ಬಿಟ್ಟಿದ್ದಾಳೆ. ಊಟದ ಹೊತ್ತಿಗೆ ನಾನು ಏನೋ ಒಂದು ಎಸೆಯುತ್ತೇನೆ. ಅದು ಸಾರಿನ ಪಾತ್ರೆ ಪಕ್ಕ ಬಿದ್ದಲ್ಲೇ ಬಿದ್ದಿರುತ್ತದೆ.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಒಬ್ಬನೇ ಹೊರಟೆ, ಬೆಳಿಗ್ಗೆ. ಆವನಿ ನೋಡಿ ಫೋಟೋ ತಂದರೆ ಅವಳಿಗೂ ಮನಸ್ಸಾದೀತು ಅಂತ.

ಕೆ.ಆರ್. ಪುರಂ ತೂಗುಸೇತುವೆ ದಾಟಲಿಲ್ಲ. ಈಗ ಎಡ ಪಾದಕ್ಕೆ ಬ್ಯಾಂಡೇಜ್. ಮೂಳೆ ಮುರಿದಿಲ್ಲ, ಉಳುಕು. ಇಂಡಿಕೇಟರ್ ಹೋಗಿದೆ, ಟ್ಯಾಂಕಿಗೆ ತಗ್ಗು ಬಿದ್ದಿದೆ.

ಎಲ್ಲರಿಗೂ ಹೇಳಿದ್ದು: ಗುರುತು ಸಿಗದ ವಾಹನ ಗುದ್ದಿ ಪರಾರಿ. ಆಫೀಸಿನಲ್ಲಿ ಈ ವಾಕ್ಯ ಓದಿದಾಗಲೆಲ್ಲ ಪೆನ್ನಿನ ಕ್ಯಾಪ್ ತೆಗೆದು 'ನಂಬಲರ್ಹವಲ್ಲ' ಅಂತ ಬರೆಯುತ್ತೇನೆ. ಇಂದು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು. ಬೆಣ್ಣೆ ಥರ.

ಏಪ್ರಿಲ್ 7, ಸೋಮವಾರ

ರಜೆ. ಸಂಜೆ ಕೆಂಪರಾಜ್ ಬಂದ. ಮೊದಲು ಪಾರ್ಕಿಂಗಿಗೆ ಹೋಗಿ ಬೈಕ್ ನೋಡಿ ಆಮೇಲೆ ನನ್ನನ್ನು ನೋಡಿದ. ವೃತ್ತಿದೋಷ.

"ಹಿಂದ್ಗಡೆ ಏನೂ ಆಗಿಲ್ವಲ್ಲ ಗುರು. ಎಡಗಡೆ ಮಾತ್ರ ಉಜ್ಜಿದೆ. ಗುದ್ದಿದ್ದು ಎಲ್ಲಿಗೆ?"

"ಎಡಗಡೆಗೇ."

"ಉಜ್ಜಿರೋದು ರೋಡು. ಗಾಡಿ ಅಲ್ಲ."

ಆಶಾ ಕಾಫಿ ತಂದಳು. ಅವನು ಲೋಟ ತಗೊಂಡು ಸೆಖೆಯ ವಿಷಯ ಎತ್ತಿದ. ಒಳ್ಳೆಯ ಗೆಳೆಯ. ಇಷ್ಟು ಒಳ್ಳೆಯವನಾಗದಿದ್ದರೆ ನನ್ನ ನಾಟಕ ಅಲ್ಲೇ ಮುಗಿದುಹೋಗುತ್ತಿತ್ತು.

ಅವನು ಹೋದ ಮೇಲೆ ಬಿಸಿನೀರಿನ ಚೀಲ ತಂದು, ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ತಿಂಗಳುಗಳ ಮೇಲೆ ಇಷ್ಟು ಹತ್ತಿರ.

"ಒಂದು ಹೇಳ್ಲಾ," ಅಂದಳು. "ನಾನು ಸುಮ್ನೆ ಮುನಿಸ್ಕೊಂಡಿದ್ದೆ."

"ಯಾವುದಕ್ಕೆ?"

"ನನ್ನ ಕಾಲು ಎಟುಕ್ಬಾರ್ದು ಅಂತ್ಲೇ ಇದನ್ನ ತಗೊಂಡ್ರಿ ಅನ್ಕೊಂಡಿದ್ದೆ. ಕೆಟ್ಟ ಯೋಚನೆ. ನಿನ್ನೆಯಿಂದ ಅದೇ ತಲೇಲಿ. ಯಾರೋ ಗುದ್ದಿದ್ರೂ ನೀವು ಕಾಲು ಕೊಟ್ಟು ನಿಲ್ಲಿಸ್ಕೊಂಡ್ರಿ, ಬರೀ ಉಳುಕಲ್ಲಿ ಹೋಯ್ತು. ನಾನಾಗಿದ್ರೆ ಅದು ನನ್ನ ಮೇಲೇ ಬೀಳ್ತಿತ್ತು. ನೀವು ಯೋಚನೆ ಮಾಡೇ ತಗೊಂಡಿದೀರ." ಚೀಲ ಸರಿಸಿ ಇಟ್ಟಳು. "ಕಾಲು ವಾಸಿಯಾಗ್ಲಿ. ಆವನಿಗೆ ಹೋಗೋಣ. ನಾನು ಹಿಂದೇನೇ ಕೂತ್ಕೋತೀನಿ."

ಬಾಯಿ ತೆರೆದೆ. ಬಂದದ್ದು "ಆಯ್ತು" ಅನ್ನುವುದೊಂದೇ.

ಈಗ ಸ್ನಾನಕ್ಕೆ ಹೋಗಿದ್ದಾಳೆ. ನೀರಿನ ಸದ್ದಿನ ನಡುವೆ ಏನೋ ಗುನುಗುತ್ತಿದ್ದಾಳೆ. ಅವಳು ಹೊರಬರುವುದರೊಳಗೆ ಬರೆದುಬಿಡಬೇಕು. ಯಾರೂ ಗುದ್ದಲಿಲ್ಲ. ಸಿಗ್ನಲ್ಲಿಗೆ ನಿಲ್ಲಿಸಿದೆ. ಎಡಗಾಲು ಇಳಿಸಿದೆ, ನೆಲ ಸಿಗಲಿಲ್ಲ. ಇನ್ನೂ ಇಳಿಸಿದೆ. ಬೈಕ್ ನಿಧಾನವಾಗಿ, ಮರ್ಯಾದೆಯಿಂದ ನನ್ನನ್ನು ಮಲಗಿಸಿತು. ಎತ್ತಲು ಬಂದ ಬಸ್ ಕಂಡಕ್ಟರ್ ಕೇಳಿದ್ದು, "ಸರ್, ಎಟುಕದೇ ಇರೋದನ್ನ ಯಾಕ್ ತಗೊಂಡ್ರಿ?" ಅವಳು ಹೇಳಿದ ಕೆಟ್ಟ ಯೋಚನೆ ಇದೆಯಲ್ಲ, ಅದು ಅವಳದಲ್ಲ, ನನ್ನದು. ಅವಳಿಗೆ ಎಟುಕಬಾರದು ಅಂತಲೇ ತಗೊಂಡೆ. ಆದರೆ ಶೋರೂಮಿನಲ್ಲೂ, ದೇವಸ್ಥಾನದ ಮುಂದೆಯೂ, ಒಂದು ದಿನವೂ ನನ್ನ ಪಾದವೂ ನೆಲಕ್ಕೆ ಪೂರ್ತಿ ಊರಲಿಲ್ಲ. ನೀರಿನ ಸದ್ದು ನಿಂತಿತು. ಬೂಟಿನೊಳಗೆ ಎರಡೆರಡು ಸೋಲ್ ಇಟ್ಟುಕೊಂಡರೂ —